ಅಗಲಿದವರ ಹೆಸರು ಶಾಲೆಯಲ್ಲಿ ಉಳಿಯುವ ಬಗೆ: ಹಾನಗಲ್ಲಿನಿಂದ ಗದಗಿನವರೆಗೆ ಒಂದು ಪರಿಚಯ

ನವೆಂಬರ್ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಗೋರಿಗಳ ಸುತ್ತ ಹುಲ್ಲು ಕೀಳುತ್ತಾರೆ, ಕ್ರೂಸಗಳಿಗೆ ಸುಣ್ಣ ಬಳಿಯುತ್ತಾರೆ. 2ನೇ ತಾರೀಕು ಬಲಿಪೂಜೆಯ ಬಳಿಕ ಗುರುಗಳು ತೀರ್ಥ ಚಿಮುಕಿಸುತ್ತಾ ಸಾಲು ಸಾಲು ನಡೆಯುತ್ತಾರೆ. ಮನೆಯವರು ತಮ್ಮವರ ಗೋರಿಯ ಬಳಿ ಮೊಂಬತ್ತಿ ಹಚ್ಚಿ ನಿಂತಿರುತ್ತಾರೆ. ಕುಟುಂಬವು ತನ್ನವರನ್ನು ಮರೆತಿಲ್ಲ, ಇಗರ್ಜಿಯೂ ಮರೆತಿಲ್ಲ. ಆದರೆ ಅದೇ ಆವರಣದಲ್ಲಿ, ಇಗರ್ಜಿಯ ಗೋಡೆಗೆ ತಾಗಿಕೊಂಡೇ ಇರುವ ಶಾಲೆಗೆ ತನ್ನ ಅಗಲಿದವರು ಯಾರೆಂಬ ಲೆಕ್ಕವಿದೆಯೇ?

ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು, ಗಂಟೆ ಬಾರಿಸುತ್ತಿದ್ದ ಜವಾನರು, ಬಿಸಿಯೂಟದ ಅಡುಗೆಯಮ್ಮ, ಏಳನೇ ತರಗತಿಯಲ್ಲಿ ಜ್ವರ ಬಂದು ತೀರಿಹೋದ ಹುಡುಗ. ಇವರೆಲ್ಲ ಒಂದೇ ಇಗರ್ಜಿಯವರಲ್ಲ, ಒಂದೇ ಧರ್ಮದವರೂ ಅಲ್ಲ. ಹೀಗಾಗಿ ಧರ್ಮಕೇಂದ್ರದ ಮೃತರ ಪುಸ್ತಕದಲ್ಲಿ ಇವರಲ್ಲಿ ಅರ್ಧದಷ್ಟು ಹೆಸರುಗಳು ಇರುವುದೇ ಇಲ್ಲ. ಶಾಲೆಯ ದಾಖಲೆಯಲ್ಲಿ ನಿವೃತ್ತಿಯ ದಿನಾಂಕವಿರುತ್ತದೆ, ಮರಣದ ದಿನಾಂಕ ಇರುವುದಿಲ್ಲ. ಹಳೆ ವಿದ್ಯಾರ್ಥಿಗಳ ಸಂಘದ ಸಭೆಯಲ್ಲಿ ಒಂದು ನಿಮಿಷದ ಮೌನ ಆಚರಿಸಲಾಗುತ್ತದೆ. ಯಾರಿಗಾಗಿ ಎಂದು ಕೇಳಿದರೆ 'ಅಗಲಿದ ಎಲ್ಲರಿಗಾಗಿ' ಎಂಬ ಉತ್ತರ ಬರುತ್ತದೆ.

ಪ್ರಿಯ ಓದುಗರೇ, ಈ ವಿಷಯದಲ್ಲಿ ನಮ್ಮ ಶಾಲೆಗಳು ಗಮನಿಸಬಹುದಾದ ಒಂದು ಪದ್ಧತಿ ಘಟ್ಟದ ಮೇಲಿದೆ. ಅದು ಕ್ರೈಸ್ತ ಶಾಲೆಯದಲ್ಲ. ಅದರ ಬೇರು ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿದೆ, ಮರ ಬೆಳೆದದ್ದು ಗದಗಿನಲ್ಲಿ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮವೆಂಬ ಸಂಗೀತ ಶಾಲೆ ತನ್ನ ಅಗಲಿದ ಗುರುಗಳನ್ನು ನೆನೆಯುವ ರೀತಿಯನ್ನು ಇಲ್ಲಿ ಪರಿಚಯಿಸಿ, ಬಳಿಕ ನಮ್ಮ ಶಾಲೆಗಳಲ್ಲಿ ಇದನ್ನು ಹೇಗೆ ನಡೆಸಬಹುದು, ಧರ್ಮಸಭೆಯ ನಿಯಮ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಹಾನಗಲ್ಲಿನ ಮಠ ಮತ್ತು ಇಬ್ಬರು ಅಂಧ ಬಾಲಕರು

ಶಿರಸಿಯ ಕಡೆಯಿಂದ ಬಯಲುಸೀಮೆಗೆ ಹೋಗುವವರಿಗೆ ಹಾನಗಲ್ ದಾರಿಯಲ್ಲೇ ಸಿಗುವ ಊರು. ತಾರಕೇಶ್ವರ ದೇವಾಲಯದಿಂದ ಹೆಸರಾದ ಈ ಊರಿನಲ್ಲಿ ಒಂದು ವಿರಕ್ತ ಮಠವಿದೆ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆ ಮಠಕ್ಕೆ ಬಂದವರು ಕುಮಾರಸ್ವಾಮಿಗಳು. 1867ರಲ್ಲಿ ಜೋಯಿಸರಹಳ್ಳಿಯಲ್ಲಿ ಹುಟ್ಟಿದ ಇವರನ್ನು ಜನ ಇಂದಿಗೂ ಹಾನಗಲ್ ಕುಮಾರಸ್ವಾಮಿಗಳೆಂದೇ ಕರೆಯುತ್ತಾರೆ. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರು ಇವರೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶಿವಯೋಗಮಂದಿರ ಎಂದರೆ ಮುಂದೆ ಮಠಾಧಿಪತಿಗಳಾಗುವವರ ಸೆಮಿನರಿ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಜಂಗಮರ ಮನೆಯಲ್ಲಿ ಇಬ್ಬರು ಅಂಧ ಗಂಡುಮಕ್ಕಳಿದ್ದರು. ಹಿರಿಯವನು ಗುರುಬಸಯ್ಯ. ಕಿರಿಯವನು 1892ರ ಫೆಬ್ರವರಿ 2ರಂದು ಹುಟ್ಟಿದ ಗದಿಗಯ್ಯ. ಹುಟ್ಟುಗುರುಡರಾದ ಮಕ್ಕಳೆಂದರೆ ಆ ಕಾಲದಲ್ಲಿ ಭಿಕ್ಷೆಯ ಜೋಳಿಗೆಯೇ ಗತಿ. ಮಕ್ಕಳ ಕಂಠವನ್ನು ಕೇಳಿದ ಕುಮಾರಸ್ವಾಮಿಗಳು ಅವರ ಹೊಣೆಯನ್ನು ತಾವೇ ಹೊತ್ತು ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಕಿರಿಯ ಬಾಲಕನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತದ ಪಾಠ ಕೊಡಿಸಿದರು. ಅನಂತರ ಮಿರಜಿನ ನೀಲಕಂಠ ಬುವಾ ಅವರಿಂದಲೂ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಹಿಂದೂಸ್ತಾನಿ ಕಲಿಯುವ ಅವಕಾಶ ಒದಗಿತು. ಲಿಂಗಾಯತ ಮಠದ ಆಶ್ರಯದಲ್ಲಿ ಬೆಳೆದ ಅಂಧ ಹುಡುಗನಿಗೆ ಮುಸಲ್ಮಾನ ಉಸ್ತಾದರ ಪಾಠ! ನೂರು ವರ್ಷಗಳ ಹಿಂದೆ ಇದನ್ನು ಯಾರೂ ದೊಡ್ಡ ಸುದ್ದಿ ಮಾಡಿದಂತೆ ಕಾಣುವುದಿಲ್ಲ.

ಆ ಹುಡುಗನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲೂ ಹಾಡಬಲ್ಲವರಾಗಿದ್ದರಿಂದ ಉಭಯ ಗಾನ ವಿಶಾರದರೆಂಬ ಹೆಸರು ಬಂತು. ಕಲಿತದ್ದನ್ನು ತಮ್ಮಂತೆಯೇ ಕಣ್ಣಿಲ್ಲದ, ತಬ್ಬಲಿಯಾದ, ಬಡವರಾದ ಮಕ್ಕಳಿಗೆ ಕಲಿಸುವುದೇ ಇವರ ಬದುಕಾಯಿತು. ಮೊದಲು ಶಾಲೆಗೆ ಕಟ್ಟಡವಿರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು, ಭಕ್ತರು ಕೊಟ್ಟದ್ದರಲ್ಲಿ ಉಣ್ಣುವುದು, ಉಳಿದುಕೊಂಡ ಜಾಗದಲ್ಲಿ ಪಾಠ ಹೇಳುವುದು. ನಾಟಕ ಕಂಪನಿ ಕಟ್ಟಿ ಅದರ ಗಳಿಕೆಯಿಂದ ಮಕ್ಕಳನ್ನು ಸಾಕಿದ್ದೂ ಉಂಟು. 1942ರಲ್ಲಿ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಶಾಲೆ ನೆಲೆಗೊಂಡಿತು. ಎರಡೇ ವರ್ಷಗಳಲ್ಲಿ, 1944ರ ಜೂನ್ 11ರಂದು, ಗವಾಯಿಗಳು 52ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಶಾಲೆ ಅಲ್ಲಿಗೇ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಹೊಣೆ ಹೊತ್ತವರು ಅವರದೇ ಶಿಷ್ಯ, ಆಗ ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು. ಇವರೂ ಹಾನಗಲ್ ತಾಲೂಕಿನವರೇ. 1914ರ ಮಾರ್ಚ್ 3ರಂದು ದೇವರ ಹೊಸಪೇಟೆಯಲ್ಲಿ ಹುಟ್ಟಿ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ತಂದೆಯಿಲ್ಲದ ಮಗುವನ್ನು ಸೋದರಮಾವ ಸಾಕಿದರು. ಹಾರ್ಮೋನಿಯಂ, ತಬಲಾ, ವಯೋಲಿನ್, ಸಾರಂಗಿ ಎಂದು ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಬರೆದರು. ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು, ಅದೇ ವರ್ಷದ ಸೆಪ್ಟೆಂಬರ್ 17ರಂದು 96ರ ವಯಸ್ಸಿನಲ್ಲಿ ತೀರಿಕೊಂಡರು. ಗುರುವಿಲ್ಲದ ಶಾಲೆಯನ್ನು 66 ವರ್ಷ ನಡೆಸಿದರು. ಭಕ್ತರು ಮಾಡುತ್ತಿದ್ದ ತುಲಾಭಾರಗಳ ಹಣವೂ ಆಶ್ರಮದ ಮಕ್ಕಳ ಊಟಕ್ಕೇ ಹೋಗುತ್ತಿತ್ತು.

ಕಿವಿಯಲ್ಲಿ ಉಳಿದ ಹೆಸರು

ನಮ್ಮ ಕರಾವಳಿಯ ಶಾಲೆಗಳಲ್ಲಿ ಅಗಲಿದವರನ್ನು ಕಣ್ಣಿಗೆ ಕಾಣುವಂತೆ ಉಳಿಸಿಕೊಳ್ಳುವುದು ವಾಡಿಕೆ. ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯಲ್ಲಿ ಭಾವಚಿತ್ರಗಳ ಸಾಲು, ಸಭಾಂಗಣದ ಬಾಗಿಲಲ್ಲಿ ಅಮೃತಶಿಲೆಯ ಫಲಕ, ಅಂಗಳದಲ್ಲಿ ಸ್ಥಾಪಕರ ಪ್ರತಿಮೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನೇ ನೋಡಿ. 1880ರಲ್ಲಿ ಜೆಸ್ವಿತರು ಆರಂಭಿಸಿದ ಆ ಸಂಸ್ಥೆಯ ಚಾಪೆಲಿನ ಗೋಡೆ, ಮಾಳಿಗೆಗಳನ್ನು 1899ರಿಂದ ಚಿತ್ರಗಳಿಂದ ತುಂಬಿದವರು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿ. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಆದರೆ ತಲೆಯೆತ್ತಿ ನೋಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಇಂದಿಗೂ ಪರಿಚಿತರು. ಅಲ್ಲಿ ಸ್ಮರಣೆಯೆಂದರೆ ನೋಡುವುದು.

ನೋಡಲಾಗದ ಮಕ್ಕಳ ಶಾಲೆಯಲ್ಲಿ ಏನು ಮಾಡಬೇಕು? ಭಾವಚಿತ್ರ ಹಾಕಿದರೆ ಅದು ಅತಿಥಿಗಳಿಗೆ, ಮಕ್ಕಳಿಗಲ್ಲ. ಗದಗಿನ ಆಶ್ರಮದಲ್ಲಿ ನೆನಪು ಕಿವಿಯ ದಾರಿ ಹಿಡಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಮೊದಲನೆಯದು ಅಂಕಿತ. ವಚನಕಾರರೂ ದಾಸರೂ ತಮ್ಮ ರಚನೆಯ ಕೊನೆಗೆ ಇಷ್ಟದೇವರ ಹೆಸರನ್ನು ಇಡುವ ಪದ್ಧತಿ ನಮ್ಮ ನಾಡಿನಲ್ಲಿ ಹಳೆಯದು. ಪುಟ್ಟರಾಜ ಗವಾಯಿಗಳು ಇಟ್ಟುಕೊಂಡ ಅಂಕಿತ 'ಗುರುಕುಮಾರ ಪಂಚಾಕ್ಷರೇಶ್ವರ'. ಹಾನಗಲ್ಲಿನ ಕುಮಾರಸ್ವಾಮಿಗಳೂ ಪಂಚಾಕ್ಷರ ಗವಾಯಿಗಳೂ ಒಂದೇ ಮಾತಿನಲ್ಲಿ ಅಲ್ಲಿ ಸೇರಿಕೊಂಡಿದ್ದಾರೆ. ಆ ರಚನೆಯನ್ನು ಹಾಡುವ ಮಗುವಿನ ಬಾಯಲ್ಲಿ ಪ್ರತಿಸಲವೂ ಅಗಲಿದ ಇಬ್ಬರ ಹೆಸರು ಬರುತ್ತದೆ. ಅದಕ್ಕೆ ಬೇರೆ ದಿನ ಗೊತ್ತುಮಾಡಬೇಕಾಗಿಲ್ಲ, ಕಾರ್ಯಕ್ರಮದ ಪಟ್ಟಿ ಬೇಕಾಗಿಲ್ಲ, ಹಾಡಿದರೆ ಸಾಕು.

ಎರಡನೆಯದು ವಾರ್ಷಿಕ ಪುಣ್ಯಸ್ಮರಣೆ. ಜೂನ್ ತಿಂಗಳಲ್ಲಿ ಪಂಚಾಕ್ಷರ ಗವಾಯಿಗಳ ಪುಣ್ಯತಿಥಿಯ ಸುಮಾರಿಗೆ ಆಶ್ರಮದಲ್ಲಿ ಜಾತ್ರೆ ನಡೆಯುತ್ತದೆ. 2010ರ ನಂತರ ಪುಟ್ಟರಾಜರ ಸ್ಮರಣೆಯೂ ಇದರಲ್ಲಿ ಸೇರಿ ಉಭಯ ಗುರುಗಳ ಪುಣ್ಯಸ್ಮರಣೋತ್ಸವವಾಗಿದೆ. ಪುರಾಣ, ಕೀರ್ತನೆ, ಗದ್ದುಗೆಗೆ ಪೂಜೆ, ದಾಸೋಹ ಎಲ್ಲವೂ ಇರುತ್ತದೆ. ಆದರೆ ನಮ್ಮ ಗಮನಕ್ಕೆ ಬರಬೇಕಾದದ್ದು ಅಹೋರಾತ್ರಿ ಸಂಗೀತ. ಆಶ್ರಮದಲ್ಲಿ ಕಲಿತು ಹೋದವರು, ಹೆಸರು ಮಾಡಿದವರು, ಮಾಡದವರು, ಊರೂರಿನಲ್ಲಿ ಸಂಗೀತದ ಮೇಷ್ಟ್ರುಗಳಾದವರು ಬಂದು ಹಾಡುತ್ತಾರೆ, ನುಡಿಸುತ್ತಾರೆ. ಭಾಷಣ ಕಡಿಮೆ ಇರುತ್ತದೆ ಎಂದು ನಾವು ಹೇಳುವುದಿಲ್ಲ, ಉತ್ತರ ಕರ್ನಾಟಕದ ಜಾತ್ರೆಯಲ್ಲಿ ಭಾಷಣ ಕಡಿಮೆಯಾಗುವುದೇ ಇಲ್ಲ. ಆದರೂ ರಾತ್ರಿ ಭಾಷಣದ್ದಲ್ಲ. ತಾನು ಕಲಿತ ಪಾಠವನ್ನು ಕಲಿಸಿದವರ ಗದ್ದುಗೆಯ ಮುಂದೆ ಒಪ್ಪಿಸುವುದೇ ಇಲ್ಲಿನ ಶ್ರದ್ಧಾಂಜಲಿ.

ಮೂರನೆಯದನ್ನು ಆಚರಣೆ ಎಂದು ಕರೆಯಬಹುದೋ ಇಲ್ಲವೋ. ಪಂಚಾಕ್ಷರ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರು ಒಬ್ಬರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೇ ವರ್ಷದ ಉತ್ಸವ ನಡೆದಾಗ ಹದಿಹರೆಯದ ರಾಜಗುರು ಹಾಡಿದರು, ತಬಲಾ ನುಡಿಸಿದವರು ಸ್ವತಃ ಗುರುಗಳು. ಗುರು ಶಿಷ್ಯನ ಪಕ್ಕವಾದ್ಯಕ್ಕೆ ಕೂರುವುದು! 1991ರಲ್ಲಿ ರಾಜಗುರು ತೀರಿಕೊಂಡರು. ವಚನ ಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರೂ ಗವಾಯಿಗಳ ಬಳಿ ಕಲಿತವರೇ, ಅವರೂ ಈಗಿಲ್ಲ. ಪುಟ್ಟರಾಜರ ಬಳಿ 1968ರಿಂದ ಹನ್ನೆರಡು ವರ್ಷ ಕಲಿತ ಪಂಡಿತ ಎಂ. ವೆಂಕಟೇಶಕುಮಾರ್ ದೇಶವಿಡೀ ಕೇಳಿಸಿದ ಕಂಠ. ಇಂಥವರ ಕಛೇರಿಯನ್ನು ಕೇಳಿದ ಬಲ್ಲವರು ಒಂದು ಆಲಾಪದಲ್ಲಿ, ಒಂದು ತಾನಿನಲ್ಲಿ 'ಇದು ಆಶ್ರಮದ್ದು' ಎಂದು ಗುರುತಿಸುತ್ತಾರೆ. 1995ರಲ್ಲಿ ಬಂದ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಲನಚಿತ್ರ ಎಸ್. ಪಿ. ಬಾಲಸುಬ್ರಹ್ಮಣ್ಯಂ ಮತ್ತು ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಗವಾಯಿಗಳ ಹೆಸರನ್ನು ಹಾನಗಲ್ಲೂ ಗದಗೂ ಎಲ್ಲಿವೆಯೆಂದು ತಿಳಿಯದವರ ಮನೆಗೂ ಮುಟ್ಟಿಸಿದ್ದು ಆ ಚಿತ್ರದ ಹಾಡುಗಳು.

ಹೆಸರಿಲ್ಲದವರು

ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಅದು ಆ ಆಶ್ರಮದ ಕೊರತೆ ಎನ್ನುವುದಕ್ಕಿಂತ ಎಲ್ಲ ಶಾಲೆಗಳ ಕೊರತೆ. ಗವಾಯಿಗಳ ಜೀವನಕಥೆಯನ್ನು ಯಾರೇ ಹೇಳಲಿ, ಮೊದಲ ಪುಟದಲ್ಲಿ ಇಬ್ಬರು ಅಂಧ ಅಣ್ಣತಮ್ಮಂದಿರಿರುತ್ತಾರೆ. ಮುಂದಿನ ಪುಟಗಳಲ್ಲಿ ಒಬ್ಬರೇ ಉಳಿಯುತ್ತಾರೆ. ಗುರುಬಸಯ್ಯನೂ ಅದೇ ಮನೆಯ, ಅದೇ ಕತ್ತಲೆಯ, ಅದೇ ಹಾಡಿನ ಹುಡುಗ. ಗುರುವಾಗದ ಶಿಷ್ಯನಿಗೆ ತಿಥಿಯಿಲ್ಲ. ಶಾಲೆ ಇನ್ನೂ ಕಾಲ್ನಡಿಗೆಯಲ್ಲಿದ್ದ ದಿನಗಳಲ್ಲಿ ಮಕ್ಕಳ ಕೈಹಿಡಿದು ನಡೆಸಿದವರು, ರೊಟ್ಟಿ ಬಡಿದವರು, ಜೋಳಿಗೆ ಹೊತ್ತವರು ಎಷ್ಟು ಮಂದಿಯೋ! ದೊಡ್ಡವರ ನೆನಪು ತನ್ನಷ್ಟಕ್ಕೇ ಉಳಿಯುತ್ತದೆ. ಉಳಿದವರದನ್ನು ಯಾರಾದರೂ ಬರೆದಿಟ್ಟರೆ ಮಾತ್ರ ಉಂಟು.

ನಮ್ಮಲ್ಲಿಯೂ ಇದೇ. ಫಾದರ್ ಅಗಸ್ಟಸ್ ಮುಲ್ಲರ್ 1910ರ ನವೆಂಬರ್ 1ರಂದು ಮಂಗಳೂರಿನಲ್ಲಿ ತೀರಿಕೊಂಡರೆಂದು ನಮಗೆ ತಿಳಿದಿದೆ. ಅವರ ಹೆಸರಿನ ಆಸ್ಪತ್ರೆ ಇದೆ, ಕಾಲೇಜುಗಳಿವೆ. ಅವರೊಂದಿಗೆ ಕಂಕನಾಡಿಯಲ್ಲಿ ಔಷಧದ ಪೆಟ್ಟಿಗೆ ಕಟ್ಟಿದವರ, ಕುಷ್ಠರೋಗಿಗಳ ಗಾಯ ತೊಳೆದವರ ಹೆಸರನ್ನು ಹೇಳಿ ಎಂದರೆ ನಾವು ಸುಮ್ಮನಾಗಬೇಕಾಗುತ್ತದೆ.

ಸವಣೂರಿನ ಒಂದು ಉದಾಹರಣೆ ಇಲ್ಲಿ ಹೊಂದುತ್ತದೆ. ನವಾಬರ ಹೆಸರನ್ನು ಹೊತ್ತ ಅಲ್ಲಿನ ಮಜೀದ್ ಹೈಸ್ಕೂಲಿನಲ್ಲಿ ಕಲಿತವರು ವಿ. ಕೃ. ಗೋಕಾಕರು. 1909ರಲ್ಲಿ ಸವಣೂರಿನಲ್ಲಿ ಹುಟ್ಟಿ, ಜ್ಞಾನಪೀಠ ಪಡೆದು, 1992ರಲ್ಲಿ ತೀರಿಕೊಂಡ ಅವರನ್ನು ಇಡೀ ನಾಡು ನೆನೆಯುತ್ತದೆ. ಆದರೆ ಅವರಿಗೆ ಅಕ್ಷರ ತಿದ್ದಿಸಿದ ಶಿಕ್ಷಕರನ್ನು ನೆನೆಯಬೇಕಾದುದು ನಾಡಲ್ಲ, ಶಾಲೆ. ಪ್ರಸಿದ್ಧರಿಗೆ ಶಾಲೆ ಬೇಕಾಗಿಲ್ಲ, ಅಪ್ರಸಿದ್ಧರಿಗೆ ಶಾಲೆಯ ಹೊರತು ಬೇರೆ ಯಾರೂ ಇಲ್ಲ.

ಧರ್ಮಸಭೆಯ ಪರಂಪರೆ ಏನು ಹೇಳುತ್ತದೆ

ನವೆಂಬರ್ 2ರ ಸಕಲ ಮೃತ ವಿಶ್ವಾಸಿಗಳ ಸ್ಮರಣೆ ಇಡೀ ಧರ್ಮಸಭೆಯ ಹಬ್ಬವಾಗುವ ಮೊದಲು ಒಂದು ಮನೆತನದ ಪದ್ಧತಿಯಾಗಿತ್ತು ಎಂಬುದನ್ನು ಹಲವರು ಗಮನಿಸಿಲ್ಲ. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಓದಿಲೋ ಸುಮಾರು 998ರಲ್ಲಿ ತಮ್ಮ ಅಧೀನದ ಮಠಗಳಲ್ಲಿ ಸಕಲ ಸಂತರ ಹಬ್ಬದ ಮರುದಿನ ಅಗಲಿದವರಿಗಾಗಿ ಪ್ರಾರ್ಥಿಸಬೇಕೆಂದು ಗೊತ್ತುಮಾಡಿದರು. ಅಲ್ಲಿಂದ ಅದು ಊರೂರಿಗೆ ಹರಡಿತು. ಆ ಕಾಲದ ಮಠಗಳಲ್ಲಿ ಮೃತರ ನಾಮಾವಳಿಯ ಪುಸ್ತಕವಿರುತ್ತಿತ್ತು. ವರ್ಷದ ಒಂದೊಂದು ದಿನಕ್ಕೂ ಒಂದೊಂದು ಪುಟ. ಆ ದಿನ ಯಾವ ವರ್ಷದಲ್ಲೇ ಆಗಲಿ ತೀರಿಕೊಂಡವರ ಹೆಸರುಗಳನ್ನು ಅಂದು ಗಟ್ಟಿಯಾಗಿ ಓದುತ್ತಿದ್ದರು. ಅಧಿಪತಿಯ ಹೆಸರೂ ಸಾಮಾನ್ಯ ಸನ್ಯಾಸಿಯ ಹೆಸರೂ ಒಂದೇ ಪುಟದಲ್ಲಿರುತ್ತಿದ್ದವು. ಧಾರ್ಮಿಕ ಸಭೆಗಳ ಮನೆಗಳಲ್ಲಿ ಈ ರೂಢಿ ಇಂದಿಗೂ ಇದೆ. ನಮ್ಮ ಧರ್ಮಭಗಿನಿಯರನ್ನು ಕೇಳಿದರೆ ತಮ್ಮ ಸಭೆಯ ಯಾವ ಸಿಸ್ಟರ್ ಯಾವ ದಿನ ದೈವಾಧೀನರಾದರೆಂದು ಪುಸ್ತಕ ತೆಗೆದು ಹೇಳುತ್ತಾರೆ. ಅವರೇ ನಡೆಸುವ ಶಾಲೆಗೆ ಅಂಥದ್ದೇ ಒಂದು ಪುಸ್ತಕ ಇಡುವುದು ಕಷ್ಟದ ಮಾತಲ್ಲ.

1915ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತವರ ಲೆಕ್ಕ ಏರುತ್ತಿದ್ದಾಗ, ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು ಪ್ರತಿಯೊಬ್ಬ ಗುರುವೂ ಆ ದಿನ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ಕೊಟ್ಟರು. ಅವುಗಳಲ್ಲಿ ಒಂದು ಸಕಲ ಮೃತರಿಗಾಗಿ. ಅದು ಹೆಸರು ಬರೆಸದ, ಯಾರೂ ಕೇಳದವರಿಗೂ ಸಲ್ಲುತ್ತದೆ.

ಶಾಲೆಗಳ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ಧರ್ಮಸಭೆಯ ಕಾನೂನಿನ 901ನೇ ನಿಯಮ. ಗುರುವು ಜೀವಂತರಾಗಿರಲಿ ಮೃತರಾಗಿರಲಿ ಯಾರಿಗಾಗಿಯೂ ಬಲಿಪೂಜೆಯನ್ನು ಅರ್ಪಿಸಬಹುದು ಎಂಬುದು ಅದರ ಸಾರ. ಕ್ರೈಸ್ತರಿಗಾಗಿ ಮಾತ್ರ ಎಂಬ ಮಾತು ಅಲ್ಲಿಲ್ಲ. 'ನಮ್ಮ ಶಾಲೆಯ ಹಿಂದಿ ಮೇಷ್ಟ್ರು ಕ್ರೈಸ್ತರಲ್ಲ, ಅವರ ಹೆಸರನ್ನು ಪೂಜೆಯಲ್ಲಿ ಹೇಳಬಹುದೇ' ಎಂದು ಅನುಮಾನಿಸುವವರಿಗೆ ಇದೇ ಉತ್ತರ. ಹೇಳಬಹುದು. ಆದರೆ ಮನೆಯವರಿಗೆ ಮೊದಲೇ ತಿಳಿಸಿ ಹೇಳುವುದು ಮರ್ಯಾದೆ.

ಶಾಲೆಯಲ್ಲಿ ನಡೆಸುವಾಗ

ಇಗರ್ಜಿಯ ಪೂಜೆ ಬೇರೆ, ಶಾಲೆಯ ಸ್ಮರಣೆ ಬೇರೆ. ಎರಡನ್ನೂ ಕಲಸಬಾರದೆಂಬುದು ನಮ್ಮ ಅಭಿಪ್ರಾಯ. ಪೂಜೆಗೆ ಬಯಸುವವರು ಬರಲಿ. ಶಾಲೆಯ ಅಂಗಳದ ಸ್ಮರಣೆ ಮಾತ್ರ ಎಲ್ಲರೂ ನಿಲ್ಲಬಹುದಾದಂತೆ ಇರಲಿ. ಹಾನಗಲ್, ಶಿಗ್ಗಾಂವಿಯಂಥ ತಾಲೂಕಿನ ಒಂದು ತರಗತಿಯಲ್ಲಿ ಲಿಂಗಾಯತರು, ಮುಸಲ್ಮಾನರು, ಕುರುಬರು, ದಲಿತರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಕ್ರೈಸ್ತ ಮಗು ಒಂದೋ ಎರಡೋ. ಲಿಂಗಾಯತರ ಮನೆಯಲ್ಲಿ ತೀರಿಕೊಂಡವರು ಲಿಂಗೈಕ್ಯರು. ಮುಸಲ್ಮಾನರಲ್ಲಿ ಹೆಸರಿನ ಹಿಂದೆ ಮರ್ಹೂಮ್ ಎನ್ನುತ್ತಾರೆ, ಭಾವಚಿತ್ರಕ್ಕೆ ಹಾರ ಹಾಕಿ ದೀಪ ಹಚ್ಚುವುದು ಅವರಲ್ಲಿ ಅನೇಕರಿಗೆ ಒಪ್ಪಿಗೆಯಾಗುವುದಿಲ್ಲ. ಮೊಂಬತ್ತಿ ನಮಗೆ ಸಹಜ, ಎಲ್ಲರಿಗೂ ಸಹಜವೆಂದು ಎಣಿಸಬಾರದು. ಎಲ್ಲರಿಗೂ ಒಪ್ಪುವ ಎರಡು ಸಂಗತಿಗಳು ಹೆಸರು ಓದುವುದು ಮತ್ತು ಮೌನ.

ಬೇರೆ ಬೇರೆ ಧರ್ಮದವರು ಒಬ್ಬರನ್ನೇ ನೆನೆಯುವುದು ಆ ಸೀಮೆಗೆ ಹೊಸದೇನಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರು ಮೊದಲು ಶಾಲಾ ಮಾಸ್ತರರಾಗಿದ್ದವರು. ಹುಟ್ಟಿನಿಂದ ಮುಸಲ್ಮಾನರು, ಗುರುಗಳು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರು. ಅವರು ತೀರಿದಾಗ ಎರಡೂ ಸಮಾಜದವರು ತಮ್ಮ ತಮ್ಮ ರೀತಿಯಲ್ಲಿ ಅಂತ್ಯವಿಧಿ ನಡೆಸಿದರೆಂದು ಜನ ಹೇಳುತ್ತಾರೆ. ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ಬರುತ್ತಾರೆ.

ನಾಮಾವಳಿಯ ಪುಸ್ತಕವನ್ನು ಆರಂಭಿಸುವ ಶಾಲೆ ಮೊದಲು ವೇತನ ಪಟ್ಟಿ, ದಾಖಲಾತಿ ಪುಸ್ತಕ ಮತ್ತು ಹಳೆಯ ವಾರ್ಷಿಕ ಸಂಚಿಕೆಗಳನ್ನು ತೆಗೆಯಬೇಕು. ಊರಿನ ಹಿರಿಯರ ಬಳಿ ಕೂತು ಕೇಳಬೇಕು, ಇದು ತಡವಾದಷ್ಟೂ ಕಷ್ಟ. ಕ್ಲೂನಿಯವರಂತೆ ವರ್ಷದ ಕ್ರಮಕ್ಕಿಂತ ದಿನಾಂಕದ ಕ್ರಮದಲ್ಲಿ ಬರೆದರೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಆಯಾ ದಿನದ ಹೆಸರು ಓದುವುದು ಸುಲಭ. ಹೆಸರಿನೊಂದಿಗೆ ಒಂದೇ ಸಾಲು ಸಾಕು: ಏನು ಕಲಿಸಿದರು, ಯಾವ ಕೆಲಸ ಮಾಡಿದರು. 'ಆದರ್ಶ ಶಿಕ್ಷಕರಾಗಿದ್ದರು' ಎಂದು ಬರೆದರೆ ಯಾರ ನೆನಪೂ ಬರುವುದಿಲ್ಲ. 'ಮಳೆಗಾಲದಲ್ಲಿ ದೋಣಿ ದಾಟುವ ಮಕ್ಕಳಿಗಾಗಿ ಗಂಟೆಯನ್ನು ಹತ್ತು ನಿಮಿಷ ತಡಮಾಡುತ್ತಿದ್ದರು' ಎಂಬಂಥ ಸಾಲಿನಲ್ಲಿ ಮನುಷ್ಯ ಕಾಣುತ್ತಾನೆ. ಹುದ್ದೆಯ ಹಿರಿತನವನ್ನು ಪುಸ್ತಕದಲ್ಲಿ ತರಬಾರದು. ದಾನಿಗಳಿಗೆ ದೊಡ್ಡ ಅಕ್ಷರವೂ ಬೇಡ, ಅವರಿಗೆ ಕಟ್ಟಡದ ಮೇಲೆ ಆಗಲೇ ಜಾಗ ಸಿಕ್ಕಿರುತ್ತದೆ.

ವಿದ್ಯಾರ್ಥಿಯೊಬ್ಬನ ಮರಣ ಇವೆಲ್ಲಕ್ಕಿಂತ ಕಠಿಣ. ಶಿಕ್ಷಕರು ತೀರಿಕೊಂಡಾಗ ಮಕ್ಕಳಿಗೆ ದುಃಖವಾಗುತ್ತದೆ, ಸಹಪಾಠಿ ತೀರಿಕೊಂಡಾಗ ಭಯವೂ ಆಗುತ್ತದೆ. ಶಾಲೆಗೆ ಒಂದು ದಿನ ರಜೆ ಕೊಟ್ಟು ಮರುದಿನದಿಂದ ಪಾಠ ಮುಂದುವರಿಸಿ ಹೆಸರೆತ್ತದೆ ಇರುವುದು ಬಹಳ ಕಡೆ ನಡೆಯುತ್ತದೆ. ಮಕ್ಕಳು ಮರೆಯಲಿ ಎಂಬ ಸದುದ್ದೇಶವೇ ಇದಕ್ಕೆ ಕಾರಣ, ಆದರೆ ಮಕ್ಕಳು ಮರೆಯುವುದಿಲ್ಲ, ಮಾತಾಡುವುದನ್ನು ಮಾತ್ರ ಬಿಡುತ್ತಾರೆ. ಹಾಜರಿ ಕರೆಯುವಾಗ ಒಂದು ಹೆಸರನ್ನು ಹಾರಿಸಿ ಮುಂದಿನ ಹೆಸರಿಗೆ ಹೋಗುವ ಆ ಕ್ಷಣವನ್ನು ತರಗತಿಯ ಪ್ರತಿ ಮಗುವೂ ಗಮನಿಸುತ್ತದೆ. ಹಾಗಾಗಿ ತರಗತಿ ಶಿಕ್ಷಕರು ಮೊದಲ ದಿನವೇ ಸರಳ ಮಾತಿನಲ್ಲಿ ಸಂಗತಿಯನ್ನು ಹೇಳಿ, ಆ ಹೆಸರನ್ನು ಇನ್ನು ಕರೆಯುವುದಿಲ್ಲವೆಂದು ತಿಳಿಸಿ, ಮಕ್ಕಳು ಅಳಲು, ಕೇಳಲು ಸಮಯ ಕೊಡುವುದು ಒಳ್ಳೆಯದು. ಖಾಲಿ ಜಾಗವನ್ನು ಎಷ್ಟು ದಿನ ಖಾಲಿ ಬಿಡಬೇಕೆಂಬುದನ್ನು ಪಕ್ಕದಲ್ಲಿ ಕೂರುತ್ತಿದ್ದ ಮಗುವನ್ನೇ ಕೇಳಬಹುದು. ಪುಸ್ತಕ, ಚಿತ್ರ, ಕೈಬರಹ ಯಾವುದಿದ್ದರೂ ತಂದೆತಾಯಿಗೆ ತಲುಪಿಸಬೇಕು. ಅದನ್ನು ಅಂಚೆಯಲ್ಲಿ ಕಳುಹಿಸದೆ ಯಾರಾದರೂ ಹೋಗಿ ಕೊಡಬೇಕು.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಲೇಖನ ಅಪೂರ್ಣವಾಗುತ್ತದೆ. ಆತ್ಮಹತ್ಯೆಯಿಂದ ತೀರಿಕೊಂಡ ಮಗುವಿನ, ಶಿಕ್ಷಕನ ಹೆಸರು ಪಟ್ಟಿಯಲ್ಲಿರಬೇಕೇ? ಹಿಂದಿನ ಕಾಲದಲ್ಲಿ ಅಂಥವರಿಗೆ ಇಗರ್ಜಿಯ ಅಂತ್ಯವಿಧಿಯನ್ನೇ ನಿರಾಕರಿಸುತ್ತಿದ್ದರೆಂದು ನಮ್ಮ ಅಜ್ಜಿಯಂದಿರು ಬಲ್ಲರು. 1917ರ ಕಾನೂನಿನಲ್ಲಿ ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರಿಗೆ ಹಾಗೆ ನಿಷೇಧವಿತ್ತು. 1983ರ ಹೊಸ ಕಾನೂನಿನಲ್ಲಿ ಆ ನಿಷೇಧವಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2283ನೇ ವಿಧಿಯು ಇಂಥವರ ನಿತ್ಯರಕ್ಷಣೆಯ ಬಗ್ಗೆ ಹತಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ತಿಳಿಸುತ್ತದೆ. ಕಾನೂನು ಬದಲಾಗಿ ನಾಲ್ಕು ದಶಕಗಳಾದವು, ನಮ್ಮ ಮನಸ್ಸು ಬದಲಾಗಿದೆಯೋ ಇಲ್ಲವೋ. ಹೆಸರು ಪಟ್ಟಿಯಲ್ಲಿ ಬರಲಿ, ಉಳಿದವರ ಹೆಸರಿನಂತೆಯೇ ಬರಲಿ. ಹೇಗೆ ತೀರಿಕೊಂಡರೆಂಬ ವಿವರ ಸಭೆಯಲ್ಲಿ ಬೇಡ, ಅದಕ್ಕೆ ವೀರತ್ವದ ಬಣ್ಣವೂ ಬೇಡ, ನಾಚಿಕೆಯ ಮುಸುಕೂ ಬೇಡ. ಅಂಥ ಘಟನೆಯ ಬಳಿಕ ಇತರ ಮಕ್ಕಳ ಮೇಲೆ ಕೆಲವು ವಾರ ಕಣ್ಣಿಡಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದನ್ನು ಶಾಲೆಯ ಸೂಚನಾ ಫಲಕದಲ್ಲಿ ಬರೆದಿಡಬಹುದು.

ಮತ್ತೆ ಗದಗಿಗೆ ಬರೋಣ. ನಮ್ಮ ಶಾಲೆಗಳಲ್ಲಿ ಸಂಗೀತ ಶಿಕ್ಷಕರಿದ್ದಾರೆ, ಗಾಯನ ಮಂಡಳಿಗಳಿವೆ, ಬ್ಯಾಂಡ್ ಸೆಟ್ ಇದೆ. ಆಶ್ರಮದ ರೀತಿಯಲ್ಲಿ, ತೀರಿಕೊಂಡ ಶಿಕ್ಷಕರು ಕಲಿಸಿದ್ದನ್ನೇ ಅವರ ದಿನದಂದು ಮಾಡಿ ತೋರಿಸುವುದು ಇಲ್ಲಿಯೂ ಸಾಧ್ಯ. ಹಾಡು ಕಲಿಸಿದವರ ದಿನ ಆ ಹಾಡು. ಗಣಿತದ ಮೇಷ್ಟ್ರ ದಿನ ಅವರು ಇಷ್ಟಪಡುತ್ತಿದ್ದ ಒಂದು ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸುವುದು. ತೋಟದ ಕೆಲಸದವರ ದಿನ ಅವರು ನೆಟ್ಟ ಮರದ ಬುಡಕ್ಕೆ ನೀರು. ಹಾರ ತರುವ ಖರ್ಚೂ ಉಳಿಯುತ್ತದೆ.

ಪುಣ್ಯಾಶ್ರಮವನ್ನು ಕಣ್ಣಾರೆ ನೋಡಬಯಸುವ, ಅಥವಾ ಕಿವಿಯಾರೆ ಕೇಳಬಯಸುವ ಶಿಕ್ಷಕರು ಹುಬ್ಬಳ್ಳಿಗೆ ಬಂದು ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಗದಗಿಗೆ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಹೋಗಬಹುದು. ಶಿರಸಿಯ ಕಡೆಯಿಂದ ಹೋಗುವವರಿಗೆ ಹಾನಗಲ್ಲಿನ ವಿರಕ್ತ ಮಠವೂ ದಾರಿಯಲ್ಲಿ ಸಿಗುತ್ತದೆ. ಜೂನ್ ತಿಂಗಳ ಪುಣ್ಯಸ್ಮರಣೋತ್ಸವಕ್ಕೆ ಹೋಗುವುದಾದರೆ ರಾತ್ರಿ ಉಳಿಯುವಂತೆ ಹೋಗಬೇಕು, ಏಕೆಂದರೆ ಅಲ್ಲಿ ಹಾಡು ಆರಂಭವಾಗುವುದೇ ನಾವು ಮಲಗುವ ಹೊತ್ತಿಗೆ.